ಭಾವನ ಕಾರಿಗೆ ಯಾವ ಎಣ್ಣೆ? ಚಿಕ್ಕಮಗಳೂರಿನ ಒಂದು ಪ್ರಕರಣ

ಜನವರಿ 2025. ಸಂಕ್ರಾಂತಿಗೆ ಎರಡು ದಿನ ಮುಂಚೆಯೇ ಅಕ್ಕನ ಮನೆಗೆಂದು ಚಿಕ್ಕಮಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ಆರೂವರೆಗೆ ಭಾವ ಕಾರನ್ನು ಹೊರಗೆ ತೆಗೆಯಲು ಕೀಲಿ ತಿರುಗಿಸಿದರು. ನಾನು ಕಾಫಿ ಲೋಟ ಹಿಡಿದು ಜಗಲಿಯಲ್ಲಿ ನಿಂತಿದ್ದೆ. ಇಂಜಿನ್ ಹತ್ತಿಕೊಂಡ ಕೂಡಲೇ ಬಾನೆಟ್ಟಿನೊಳಗಿಂದ ಕಟಕಟ ಸದ್ದು ಎದ್ದಿತು. ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದಂತಹ ಸದ್ದು. ಮನಸ್ಸಿನಲ್ಲೇ ಎಣಿಸಿದೆ, ಏಳಕ್ಕೆ ಬರುವಷ್ಟರಲ್ಲಿ ಅಡಗಿತು.

"ಇದು ಯಾವಾಗಿನಿಂದ ಭಾವ?" ಎಂದೆ.

"ದೀಪಾವಳಿ ಕಳೆದ ಮೇಲೆ ಶುರುವಾಯಿತು. ಚಳಿಗೆ ಇರಬೇಕು ಎಂದುಕೊಂಡೆ. ನಿನ್ನ ಕಿವಿಗೂ ಬಿತ್ತು ಎಂದರೆ ಏನೋ ಇದೆ" ಎಂದರು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಎಣ್ಣೆ ಪರೀಕ್ಷಿಸುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಹೈಡ್ರಾಲಿಕ್ ಎಣ್ಣೆ, ಗೇರ್ ಎಣ್ಣೆ, ಲೇತ್‌ಗಳ ಕಟಿಂಗ್ ಆಯಿಲ್ ಎಲ್ಲದರ ಸ್ನಿಗ್ಧತೆಯನ್ನು, ಅಂದರೆ ಹರಿಯುವಾಗಿನ ಮಂದತನವನ್ನು, ದಿನವೂ ಅಳೆಯುತ್ತೇನೆ. ಹೀಗಾಗಿ ನಾನು ಮೊದಲು ಕೇಳಿದ್ದು, ಕೊನೆಯ ಬಾರಿ ಯಾವ ಆಯಿಲ್ ಹಾಕಿಸಿದಿರಿ ಎಂದು. ಭಾವ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಅವರು ಬಾಯಿಮಾತಿನ ಉತ್ತರ ಕೊಡಲಿಲ್ಲ, ಡ್ಯಾಶ್‌ಬೋರ್ಡಿನ ಗೂಡಿನಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಹಾಜರಿ ಪುಸ್ತಕದಂತೆ ಗೆರೆ ಎಳೆದು ದಿನಾಂಕ, ಕಿಲೋಮೀಟರ್, ಹಾಕಿಸಿದ ಪೆಟ್ರೋಲ್, ಮಾಡಿಸಿದ ರಿಪೇರಿ ಎಲ್ಲವನ್ನೂ ಬರೆದಿಟ್ಟಿದ್ದರು. ಈ ಬರಹಕ್ಕೆ ಆಧಾರವೇ ಆ ಪುಸ್ತಕ.

ಕಾರು 2019ರದ್ದು. 1.2 ಲೀಟರಿನ, ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ ಸಾಧಾರಣ ಪೆಟ್ರೋಲ್ ಕಾರು. ಅಂದಿಗೆ ಓಡಿದ್ದು 78,100 ಕಿಲೋಮೀಟರ್. ವಾರಂಟಿ ಮುಗಿಯುವವರೆಗೂ ಕಂಪನಿಯ ಸರ್ವಿಸ್ ಕೇಂದ್ರದಲ್ಲೇ ಎಣ್ಣೆ ಬದಲಾಗಿದೆ, ಅದು 0ಡಬ್ಲ್ಯೂ-20 ಎಂಬ ತೆಳು ಗ್ರೇಡಿನದು. ಸೆಪ್ಟೆಂಬರ್ 2024ರಲ್ಲಿ, 74,300ಕ್ಕೆ, ಮನೆಯ ಹತ್ತಿರದ ಗ್ಯಾರೇಜಿನಲ್ಲಿ ಬದಲಾಯಿಸಿದ್ದು 20ಡಬ್ಲ್ಯೂ-50 ಎಂಬ ಗಟ್ಟಿ ಗ್ರೇಡಿಗೆ. ಸಿಂಥೆಟಿಕ್ ಅಲ್ಲದ ಮಿನರಲ್ ಎಣ್ಣೆ, ಡ್ರಮ್ಮಿನಿಂದ ಅಳೆದು ಹಾಕಿದ್ದು. 2022ರಲ್ಲಿ ಸರಾಸರಿ 18.4 ಬರುತ್ತಿದ್ದ ಮೈಲೇಜು ಆ ಬದಲಾವಣೆಯ ನಂತರದ ನಾಲ್ಕು ತಿಂಗಳಲ್ಲಿ 16.9ಕ್ಕೆ ಇಳಿದಿತ್ತು. ಡಿಸೆಂಬರ್‌ನಲ್ಲಿ ಎರಡು ಬಾರಿ ಚೆಕ್ ಇಂಜಿನ್ ದೀಪ ಹತ್ತಿ ತಾನಾಗಿಯೇ ಆರಿತ್ತು ಎಂಬುದನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದರು.

ಕಾರಿನ ಓಡಾಟವನ್ನೂ ಹೇಳಬೇಕು, ಏಕೆಂದರೆ ಕೊನೆಯ ತೀರ್ಮಾನ ನಿಂತದ್ದು ಅದರ ಮೇಲೆ. ವಾರದ ಐದಾರು ದಿನ ಶಾಲೆಗೆ ನಾಲ್ಕು ಕಿಲೋಮೀಟರ್ ಹೋಗಿ, ನಾಲ್ಕು ಕಿಲೋಮೀಟರ್ ಬರುವುದು. ಇಂಜಿನ್ ಬಿಸಿಯಾಗುವ ಹೊತ್ತಿಗೆ ಶಾಲೆಯ ಗೇಟು ಬಂದಿರುತ್ತದೆ. ತಿಂಗಳಿಗೊಮ್ಮೆ ಮಗನನ್ನು ನೋಡಲು ಬೆಂಗಳೂರು. ಆಗಾಗ ಅಕ್ಕನ ಅತ್ತೆಯವರನ್ನೂ ಸಾಮಾನನ್ನೂ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳದ ಕಡೆಗೆ, ಮತ್ತೆ ಅದೇ ಘಾಟಿ ಹತ್ತಿ ಮನೆಗೆ.

ಅಂದು ಸಂಜೆಯೇ ಗ್ಯಾರೇಜಿಗೆ ಹೋದೆವು. ಯಜಮಾನರಿಗೆ ಅರವತ್ತರ ಹತ್ತಿರದ ವಯಸ್ಸು. ಸದ್ದಿನ ವಿಷಯ ಹೇಳಿದ ಕೂಡಲೇ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಟೈಮಿಂಗ್ ಚೈನಿನ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ಕೇಳಿದರು. ಅಲ್ಲಿಂದ ಹೆಡ್ಡಿನ ಮೇಲೆ ಮೂರು ಕಡೆ, ಕೆಳಗೆ ಬ್ಲಾಕಿನ ಮೇಲೆ ಎರಡು ಕಡೆ. "ಕೆಳಗೆ ಬೇರಿಂಗ್ ಚೆನ್ನಾಗಿದೆ ಮೇಷ್ಟ್ರೇ. ಸದ್ದು ಮೇಲಿನದು, ಈಗ ಬಿಸಿಯಲ್ಲಿ ಇಲ್ಲ" ಎಂದರು. ಸ್ಟೆತಸ್ಕೋಪು ಹಿಡಿದ ವೈದ್ಯರಷ್ಟೇ ಖಚಿತವಾಗಿ ಹೇಳಿದ ಆ ಮಾತು ಮುಂದೆ ನಿಜವೇ ಆಯಿತು.

20ಡಬ್ಲ್ಯೂ-50 ಏಕೆ ಹಾಕಿದಿರಿ ಎಂದು ಕೇಳಿದಾಗ ಅವರು ಮುಚ್ಚುಮರೆ ಮಾಡಲಿಲ್ಲ. "ನಮ್ಮ ಬಿಸಿಲಿಗೆ ಆ ನೀರಿನಂತಹ ಎಣ್ಣೆ ನಿಲ್ಲುವುದಿಲ್ಲ ಸರ್. ಗಾಡಿ ಎಪ್ಪತ್ತು ಸಾವಿರ ದಾಟಿದೆ, ಘಾಟಿ ಹತ್ತುತ್ತದೆ. ಗಟ್ಟಿ ಆಯಿಲ್ ಇದ್ದರೆ ಇಂಜಿನ್ನಿಗೆ ಮೆತ್ತೆ ಹಾಸಿದ ಹಾಗೆ." ಅವರು ಕೆಲಸ ಕಲಿತದ್ದು ಅಂಬಾಸಿಡರ್, ಜೀಪುಗಳ ಕಾಲದಲ್ಲಿ. ಆ ಇಂಜಿನ್ನುಗಳಿಗೆ ಅವರ ಮಾತು ಸರಿಯಾದದ್ದೇ.

ರಾತ್ರಿ ಬೆಂಗಳೂರಿನಿಂದ ಅಳಿಯ, ಅಂದರೆ ಭಾವನ ಮಗ, ಫೋನ್ ಮಾಡಿದ. ಅವನ ಸಲಹೆ ಬೇರೆ: "ಮಾವ, 0ಡಬ್ಲ್ಯೂ-40 ಫುಲ್ಲಿ ಸಿಂಥೆಟಿಕ್ ಹಾಕಿಸಿಬಿಡಿ. ಚಳಿಗೆ ಸೊನ್ನೆ, ಬಿಸಿಗೆ ನಲವತ್ತು, ಎರಡೂ ಕಡೆ ಭದ್ರ. ದುಡ್ಡು ಜಾಸ್ತಿ, ಆದರೆ ಅಪ್ಪನ ಕಾರಿಗೆ ಅಷ್ಟೂ ಮಾಡದಿದ್ದರೆ ಹೇಗೆ?" ಸರ್ವಿಸ್ ಕೇಂದ್ರಕ್ಕೆ ಕೇಳಿದ್ದರೆ 0ಡಬ್ಲ್ಯೂ-20 ಎಂದೇ ಹೇಳುತ್ತಿದ್ದರು. ಒಂದೇ ಕಾರು, ಮೂರು ಎಣ್ಣೆ. ಮೂವರ ಬಳಿಯೂ ಕಾರಣಗಳಿದ್ದವು.

ಡಬ್ಬಿಯ ಮೇಲಿನ ಎರಡು ಅಂಕಿ

ವಾಹನ ಇಂಜಿನಿಯರುಗಳ ಸಂಘವಾದ ಅಮೆರಿಕದ ಎಸ್‌ಎಇ ಸಂಸ್ಥೆ ಎಣ್ಣೆಗಳನ್ನು ಸ್ನಿಗ್ಧತೆಯ ಮೇಲೆ ವಿಂಗಡಿಸಲು ಆರಂಭಿಸಿದ್ದು 1911ರಲ್ಲಿ. ಇಂದಿಗೂ ಜೆ300 ಎಂಬ ಅದೇ ಮಾನಕ ತಿದ್ದುಪಡಿಗಳೊಂದಿಗೆ ಜಾರಿಯಲ್ಲಿದೆ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ, ಕೊರೆಯುವ ಚಳಿಯಲ್ಲಿ ಇಂಜಿನ್ ತಿರುಗಲು ಎಣ್ಣೆ ಎಷ್ಟರಮಟ್ಟಿಗೆ ಬಿಡುತ್ತದೆ ಎಂಬುದರ ಗುರುತು. 0ಡಬ್ಲ್ಯೂ ಎಣ್ಣೆಯನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 5ಡಬ್ಲ್ಯೂ ಅನ್ನು ಮೈನಸ್ 30ರಲ್ಲಿ, 20ಡಬ್ಲ್ಯೂ ಅನ್ನು ಮೈನಸ್ 15ರಲ್ಲಿ. ಎರಡನೆಯ ಅಂಕಿ ಬಿಸಿ ಇಂಜಿನ್ನಿನದು. 100 ಡಿಗ್ರಿಯಲ್ಲಿ ಎಣ್ಣೆಯ ಸ್ನಿಗ್ಧತೆ 6.9ರಿಂದ 9.3 ಸೆಂಟಿಸ್ಟೋಕ್ ಒಳಗಿದ್ದರೆ 20ರ ಗ್ರೇಡ್, 9.3ರಿಂದ 12.5ರ ಒಳಗೆ 30, ಅಲ್ಲಿಂದ 16.3ರವರೆಗೆ 40, ಅದರಾಚೆ 21.9ರವರೆಗೆ 50.

ಇದನ್ನು ಹೇಳಿದಾಗ ಭಾವ ಕೇಳಿದ ಪ್ರಶ್ನೆ ಬಹಳ ಜನರ ಮನಸ್ಸಿನಲ್ಲಿರುವಂಥದ್ದು: "ಚಿಕ್ಕಮಗಳೂರಿನಲ್ಲಿ ಮೈನಸ್ ಎಲ್ಲಿದೆ? ಮೊದಲ ಅಂಕಿ ನಮಗೆ ಯಾಕೆ ಬೇಕು?"

ಬೇಕು. ಎಣ್ಣೆ ಮೈನಸ್ 35ರಲ್ಲಿ ಹರಿಯುವಂತೆ ತಯಾರಾಗಿದ್ದರೆ 15 ಡಿಗ್ರಿಯಲ್ಲೂ ಇನ್ನೊಂದಕ್ಕಿಂತ ಸಲೀಸಾಗಿಯೇ ಹರಿಯುತ್ತದೆ. ಮಾರುಕಟ್ಟೆಯ ಸಾಮಾನ್ಯ ಎಣ್ಣೆಗಳಿಗೆ ತಯಾರಕರು 40 ಮತ್ತು 100 ಡಿಗ್ರಿಯ ಅಂಕಿಗಳನ್ನು ಕೊಡುತ್ತಾರೆ. ಅವುಗಳಿಂದ 20 ಡಿಗ್ರಿಗೆ ಲೆಕ್ಕ ಹಾಕಿದರೆ 0ಡಬ್ಲ್ಯೂ-20 ಸುಮಾರು 105 ಸೆಂಟಿಸ್ಟೋಕ್, 5ಡಬ್ಲ್ಯೂ-30 ಸುಮಾರು 160, ಆದರೆ 20ಡಬ್ಲ್ಯೂ-50 ಸುಮಾರು 550. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಆ ಹೊತ್ತಿನಲ್ಲಿ 0ಡಬ್ಲ್ಯೂ-20 ಕಡಲೆಕಾಯಿ ಎಣ್ಣೆಗಿಂತ ತುಸುವೇ ಮಂದ. 20ಡಬ್ಲ್ಯೂ-50 ಹರಳೆಣ್ಣೆಯತ್ತ ಅರ್ಧ ದಾರಿ ನಡೆದಿರುತ್ತದೆ. ಬೆಳಗಿನ ಚಳಿ 14 ಡಿಗ್ರಿಗೆ ಇಳಿದರೆ ಈ ಅಂತರ ಇನ್ನೂ ಹಿಗ್ಗುತ್ತದೆ.

ಅಂಕಿಗಳಿಂದ ಭಾವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮರುದಿನ ಗ್ಯಾರೇಜಿನ ಯಜಮಾನರ ಡ್ರಮ್ಮಿನಿಂದ ಅರ್ಧ ಲೋಟದಷ್ಟು ಹೊಸ 20ಡಬ್ಲ್ಯೂ-50 ಕೇಳಿ ತಂದೆ. ಅಂಗಡಿಯಿಂದ 5ಡಬ್ಲ್ಯೂ-30ರ ಡಬ್ಬಿಯೂ ಬಂತು. ಅಕ್ಕ ಅಡುಗೆಮನೆಯ ಪಾತ್ರೆ ಮುಟ್ಟಗೊಡಲಿಲ್ಲ. ಒಂದು ತೆಂಗಿನ ಕರಟ ಕೊಟ್ಟಳು. ನನಗೆ ಬೇಕಾಗಿದ್ದದ್ದೂ ಅದೇ. ಕರಟದ ಮೂರು ಕಣ್ಣುಗಳಲ್ಲಿ ಮೆತ್ತಗಿನದನ್ನು ಮೊಳೆಯಿಂದ ಚುಚ್ಚಿ ತೂತು ಮಾಡಿದೆ. ಎರಡೂ ಎಣ್ಣೆಯನ್ನು ಔಷಧಿಯ ಹಳೆಯ ಬಾಟಲಿಗಳಿಗೆ ಹಾಕಿ ಕರಟದ ಜೊತೆಗೆ ರಾತ್ರಿಯಿಡೀ ಹೊರಗಿನ ಕಟ್ಟೆಯ ಮೇಲಿಟ್ಟೆವು. ಬೆಳಿಗ್ಗೆ ಆರಕ್ಕೆ ತೂತಿಗೆ ಬೆರಳು ಒತ್ತಿ, ಔಷಧಿ ಅಳೆಯುವ ಮುಚ್ಚಳದಿಂದ ಆರು ಅಳತೆ 5ಡಬ್ಲ್ಯೂ-30 ಹಾಕಿ ಬೆರಳು ತೆಗೆದೆ. ಭಾವ ಮೊಬೈಲಿನಲ್ಲಿ ಸೆಕೆಂಡು ನೋಡುತ್ತಿದ್ದರು. ಎಣ್ಣೆ ಕಡ್ಡಿಯಂತೆ ನೇರವಾಗಿ ಇಳಿದು, 17 ಸೆಕೆಂಡಿಗೆ ಹನಿಯಾಗಿ ಒಡೆಯಿತು. ಕರಟ ಒರೆಸಿ ಅಷ್ಟೇ ಅಳತೆಯ 20ಡಬ್ಲ್ಯೂ-50 ಹಾಕಿದೆ. ಅದು ಜೋನಿಬೆಲ್ಲದಂತೆ ಬಾಗಿ ಬಾಗಿ, ಕೆಳಗೆ ಸುರುಳಿ ಸುತ್ತುತ್ತಾ ಇಳಿಯಿತು. 58 ಸೆಕೆಂಡು.

ನಮ್ಮ ಪ್ರಯೋಗಾಲಯದಲ್ಲಿ ಬಣ್ಣ, ವಾರ್ನಿಷ್‌ಗಳನ್ನು ಅಳೆಯುವ ಉಕ್ಕಿನ ಬಟ್ಟಲು ಮಾಡುವುದೂ ಇದೇ ಕೆಲಸವನ್ನು. ತೂತಿನ ಅಳತೆ ನಿಖರವಾಗಿರುತ್ತದೆ, ಅಷ್ಟೇ ವ್ಯತ್ಯಾಸ. ಕರಟದ ಕೆಳಗೆ ಸುರುಳಿ ಸುತ್ತುತ್ತಿದ್ದ ಎಣ್ಣೆಯನ್ನು ನೋಡುತ್ತಾ ಭಾವ, "ಇದೇ ಎಣ್ಣೆ ಆ ಏಳು ಸೆಕೆಂಡು ದಾರಿಯಲ್ಲಿತ್ತು ಅಲ್ಲವೇ" ಎಂದರು.

ಹೌದು, ಬಹುಪಾಲು ಹಾಗೆಯೇ. ಎಣ್ಣೆಯ ಪಂಪು ಎಷ್ಟು ಎಣ್ಣೆ ಎಳೆದರೂ ಒತ್ತಡ ಒಂದು ಮಿತಿ ದಾಟಿದರೆ ರಿಲೀಫ್ ವಾಲ್ವ್ ತೆರೆದು ಹೆಚ್ಚಿನದನ್ನು ಮತ್ತೆ ಇಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ಗೆ, ಬಿಡುತ್ತದೆ. ತಣ್ಣಗಿರುವ ಗಟ್ಟಿ ಎಣ್ಣೆಗೆ ಸಣ್ಣ ದಾರಿಗಳಲ್ಲಿ ನುಗ್ಗುವುದು ಕಷ್ಟ, ಒತ್ತಡ ಬೇಗ ಏರುತ್ತದೆ, ವಾಲ್ವ್ ತೆರೆದುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿರುತ್ತದೆ, ಏಕೆಂದರೆ ಒತ್ತಡವೇನೋ ಇದೆ. ಮೇಲೆ ಹೆಡ್ಡಿಗೆ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ, ಚೈನನ್ನು ಬಿಗಿ ಹಿಡಿಯುವ ಟೆನ್ಷನರಿಗೆ ಎಣ್ಣೆ ತಲುಪಿರುವುದಿಲ್ಲ. ಟೆನ್ಷನರ್ ತುಂಬುವವರೆಗೆ ಚೈನ್ ಬಡಿಯುತ್ತದೆ.

ಚೆಕ್ ಇಂಜಿನ್ ದೀಪದ ಬೇರೂ ಅಲ್ಲೇ ಇತ್ತು. ಸ್ಕ್ಯಾನರ್ ಹಾಕಿದಾಗ ಸಿಕ್ಕ ಕೋಡ್ ಪಿ0011: ಕ್ಯಾಮ್‌ಶಾಫ್ಟಿನ ಟೈಮಿಂಗ್ ಕಂಪ್ಯೂಟರ್ ಹೇಳಿದ ಜಾಗದಲ್ಲಿ ಇಲ್ಲ ಎಂಬ ದೂರು. ಈಗಿನ ಪೆಟ್ರೋಲ್ ಇಂಜಿನ್ನುಗಳಲ್ಲಿ ವಾಲ್ವ್‌ಗಳ ಸಮಯವನ್ನು ಹಿಂದೆ ಮುಂದೆ ಮಾಡುವುದು ಎಣ್ಣೆಯ ಒತ್ತಡವೇ. ಸಣ್ಣ ಸೊಲೆನಾಯ್ಡ್ ಒಂದು ಎಣ್ಣೆಯನ್ನು ಈ ಕೋಣೆಗೋ ಆ ಕೋಣೆಗೋ ಬಿಡುತ್ತದೆ, ಕ್ಯಾಮ್ ಕೆಲವು ಡಿಗ್ರಿ ತಿರುಗುತ್ತದೆ. ಅಂಬಾಸಿಡರಿನಲ್ಲಿ ಎಣ್ಣೆಗೆ ಸವೆತ ತಡೆಯುವ, ಬಿಸಿ ಹೊರುವ ಕೆಲಸವಿತ್ತು. ಇಲ್ಲಿ ಅದರ ಜೊತೆಗೆ ಲಿವರ್ ಎಳೆಯುವ ಕೈಯ ಕೆಲಸವೂ ಸೇರಿದೆ. ಆ ಕೈ ನಿಧಾನವಾದರೆ ಕಂಪ್ಯೂಟರ್ ದೀಪ ಹತ್ತಿಸುತ್ತದೆ. ಗ್ಯಾರೇಜಿನ ಯಜಮಾನರಿಗೆ ಹೊಸದೆನಿಸಿದ್ದು ಇದೊಂದೇ ವಿಷಯ. ಸೊಲೆನಾಯ್ಡ್ ಬಿಚ್ಚಿ ಕೈಯಲ್ಲಿ ತಿರುಗಿಸಿ ನೋಡಿ, ಅದರ ಜಾಲರಿಯಲ್ಲಿ ಕಟ್ಟಿದ್ದ ಕಪ್ಪು ಜಿಡ್ಡನ್ನು ನನಗೆ ತೋರಿಸಿದವರೂ ಅವರೇ.

ಆ ಜಾಲರಿಯನ್ನು ಅಂದೇ ತೊಳೆದೆವು. ಪ್ರಕರಣದ ದೃಷ್ಟಿಯಿಂದ ಅದು ನನ್ನ ತಪ್ಪು. ಎಣ್ಣೆ ಬದಲಿಸುವುದು, ಜಾಲರಿ ತೊಳೆಯುವುದು ಎರಡನ್ನೂ ಒಂದೇ ದಿನ ಮಾಡಿದ್ದರಿಂದ ದೀಪ ಆರಿದ್ದರಲ್ಲಿ ಯಾವುದರ ಪಾಲು ಎಷ್ಟು ಎಂದು ಇಂದು ಬೇರ್ಪಡಿಸಿ ಹೇಳಲಾರೆ. ಜಿಡ್ಡು ಕಂಡ ಮೇಲೆ ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ.

ಬಿಸಿಲು, ಘಾಟಿ, ಎಪ್ಪತ್ತೆಂಟು ಸಾವಿರ

"ನಮ್ಮ ಬಿಸಿಲು" ಎಂಬ ವಾದವನ್ನು ನಾನು ಕರ್ನಾಟಕದ ಪ್ರತಿ ಊರಿನಲ್ಲೂ ಕೇಳಿದ್ದೇನೆ. ಕಲಬುರಗಿಯಲ್ಲಿ ಮೇ ತಿಂಗಳ 42 ಡಿಗ್ರಿ, ಚಿಕ್ಕಮಗಳೂರಿನಲ್ಲಿ ಜನವರಿಯ 14 ಡಿಗ್ರಿ. ಎರಡೂ ಕಡೆ ಇಂಜಿನ್ ಕಾದ ಮೇಲೆ ಥರ್ಮೋಸ್ಟಾಟ್ ಕೂಲಂಟನ್ನು 90 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಸಂಪಿನ ಎಣ್ಣೆ ಅದಕ್ಕಿಂತ ಸ್ವಲ್ಪ ಮೇಲೆ, 100ರ ಸುತ್ತಮುತ್ತ. ಹೊರಗಿನ 28 ಡಿಗ್ರಿಯ ವ್ಯತ್ಯಾಸ ಒಳಗೆ ಬಹಳ ಸಣ್ಣದಾಗಿ ಕಾಣಿಸಿಕೊಳ್ಳುತ್ತದೆ. ಎಣ್ಣೆಯ ನಿಜವಾದ ಪರೀಕ್ಷೆ ಬೇರಿಂಗಿನ ಒಳಗಿನದು. ಅಲ್ಲಿ ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದು ಒಂದು ಕೂದಲೆಳೆಯಷ್ಟೂ ಇರುವುದಿಲ್ಲ, ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು. ಆ ಸಂದಿನಲ್ಲಿ ವೇಗವಾಗಿ ಉಜ್ಜಲ್ಪಡುವ ಎಣ್ಣೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ 150 ಡಿಗ್ರಿಯಲ್ಲಿ ಮಾಡುವ ಎಚ್‌ಟಿಎಚ್‌ಎಸ್ ಎಂಬ ಪರೀಕ್ಷೆಯಿದೆ. ಜೆ300ರ ಪ್ರಕಾರ 20ರ ಗ್ರೇಡಿಗೆ ಅದು ಕನಿಷ್ಠ 2.6, 30ಕ್ಕೆ 2.9, 50ಕ್ಕೆ 3.7 ಇರಬೇಕು. ಇಂಜಿನ್ನಿನ ವಿನ್ಯಾಸಕಾರರು ಬೇರಿಂಗಿನ ಅಗಲ, ಸಂದು, ಪಂಪಿನ ಶಕ್ತಿ ಎಲ್ಲವನ್ನೂ ಈ ಅಂಕಿಯ ಜೊತೆಗೇ ಲೆಕ್ಕ ಹಾಕಿರುತ್ತಾರೆ. 0ಡಬ್ಲ್ಯೂ-20 ಕೇಳುವ ಇಂಜಿನ್ನಿಗೆ ಅದೇ ಎಣ್ಣೆ ಸಾಕಾಗುವಂತೆ ಲೋಹವನ್ನು ಕಡೆದಿರುತ್ತಾರೆ.

ಹೀಗಾಗಿ ನನ್ನ ಮೊದಲ ಆಧಾರ ಕಾರಿನ ಜೊತೆ ಬಂದ ಕೈಪಿಡಿ. ಅಕ್ಕ ಅದನ್ನು ಟಿವಿಯ ಕೆಳಗಿನ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚದೆ ಇಟ್ಟಿದ್ದಳು. ಎಣ್ಣೆಯ ಪುಟದಲ್ಲಿ ಮೊದಲ ಆಯ್ಕೆ 0ಡಬ್ಲ್ಯೂ-20, ಅದು ಸಿಗದಿದ್ದರೆ 5ಡಬ್ಲ್ಯೂ-30 ಎಂದು ಸ್ಪಷ್ಟವಾಗಿತ್ತು. 20ಡಬ್ಲ್ಯೂ-50 ಪಟ್ಟಿಯಲ್ಲಿ ಇರಲೇ ಇಲ್ಲ, ಅಳಿಯನ 0ಡಬ್ಲ್ಯೂ-40ಯೂ ಇರಲಿಲ್ಲ.

ಅಳಿಯನ ಎಣ್ಣೆಯ ಬಗ್ಗೆ ನ್ಯಾಯವಾಗಿ ಹೇಳಬೇಕು. ಅದು ಒಳ್ಳೆಯ ಎಣ್ಣೆ, ಹಾಕಿದ್ದರೆ ಇಂಜಿನ್ ಕೆಡುತ್ತಿರಲಿಲ್ಲ, ಬೆಳಗಿನ ಸದ್ದೂ ಕಡಿಮೆಯಾಗುತ್ತಿತ್ತು. ಆದರೆ ಸೊನ್ನೆಯಿಂದ ನಲವತ್ತರವರೆಗೆ ಒಂದೇ ಎಣ್ಣೆ ಚಾಚಬೇಕಾದರೆ, ಮೂಲ ಎಣ್ಣೆ ಎಷ್ಟೇ ಚೆನ್ನಾಗಿದ್ದರೂ, ಸಾಮಾನ್ಯವಾಗಿ ಪಾಲಿಮರ್ ಬೆರೆಸಬೇಕಾಗುತ್ತದೆ. ಬಿಸಿಯಲ್ಲಿ ಹಿಗ್ಗಿ ಎಣ್ಣೆಗೆ ಮೈ ಕೊಡುವ ಈ ಉದ್ದನೆಯ ಅಣುಗಳು ಚೈನು, ಬೇರಿಂಗುಗಳ ನಡುವೆ ಸಿಕ್ಕಿ ಕಾಲಕ್ರಮೇಣ ತುಂಡಾಗುತ್ತವೆ. ಈ ಇಂಜಿನ್ ಕೇಳದ ಚಾಚಿಗೆ ಹೆಚ್ಚು ದುಡ್ಡು ಕೊಡುವುದು ನನಗೆ ಸರಿ ಕಾಣಲಿಲ್ಲ.

ಸಿಂಥೆಟಿಕ್ ಎಂಬ ಮಾತಿನ ಬಗ್ಗೆಯೂ ಅವನ ಜೊತೆ ಸ್ವಲ್ಪ ಚರ್ಚೆಯಾಯಿತು. ಡಬ್ಬಿಯ ಮೇಲೆ ಫುಲ್ಲಿ ಸಿಂಥೆಟಿಕ್ ಎಂದಿದ್ದರೆ ಒಳಗಿರುವುದು ಕಾರ್ಖಾನೆಯಲ್ಲಿ ಅಣು ಅಣು ಜೋಡಿಸಿದ ಎಣ್ಣೆಯೇ ಆಗಬೇಕಿಲ್ಲ. ಕಚ್ಚಾ ತೈಲದಿಂದಲೇ ಬಂದು ಜಲಜನಕದ ಜೊತೆ ಹೆಚ್ಚಿನ ಒತ್ತಡದಲ್ಲಿ ಸಂಸ್ಕರಣೆಯಾದ ಮೂರನೆಯ ಗುಂಪಿನ ಎಣ್ಣೆಯನ್ನೂ ಹಾಗೆ ಕರೆಯಬಹುದು. ಅಮೆರಿಕದಲ್ಲಿ 1999ರಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವಿನ ಜಾಹೀರಾತಿನ ತಕರಾರು ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿಯ ಮುಂದೆ ಹೋಗಿ ಆ ಹೆಸರು ಬಳಸಬಹುದು ಎಂದು ತೀರ್ಮಾನವಾದ ಮೇಲೆ ಇದು ರೂಢಿಯಾಯಿತು. ಎಣ್ಣೆ ಸಿಂಥೆಟಿಕ್ ಹೌದೋ ಅಲ್ಲವೋ ಎಂಬುದು ಒಂದು ಪ್ರಶ್ನೆ, ಯಾವ ಗ್ರೇಡ್ ಎಂಬುದು ಇನ್ನೊಂದು. ಅಂಗಡಿಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡುತ್ತಾರೆ.

ಉಳಿದದ್ದು ಎರಡು: 0ಡಬ್ಲ್ಯೂ-20 ಮತ್ತು 5ಡಬ್ಲ್ಯೂ-30. ನಾನು ಹೆಚ್ಚು ಹೊತ್ತು ಯೋಚಿಸಿದ್ದು ಇಲ್ಲಿ.

ಪೆಟ್ರೋಲ್ ಖರ್ಚು ನೋಡಿದರೆ ತೆಳು ಎಣ್ಣೆಗೇ ಮತ. ಕೈಪಿಡಿಯ ಮೊದಲ ಆಯ್ಕೆಯೂ ಅದೇ. ಆದರೆ ಭಾವನ ಕಾರಿನ ದಿನಚರಿ ನಾಲ್ಕು ಕಿಲೋಮೀಟರಿನದು. ತಣ್ಣಗಿನ ಇಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಸುಡದೆ ಉಳಿದದ್ದು ಸಿಲಿಂಡರಿನ ಗೋಡೆ ಹಿಡಿದು ರಿಂಗುಗಳ ಸಂದಿನಲ್ಲಿ ಇಳಿದು ಎಣ್ಣೆಗೆ ಸೇರುತ್ತದೆ. ದೂರ ಓಡಿದರೆ ಎಣ್ಣೆ ಕಾದು ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ನಾಲ್ಕು ಕಿಲೋಮೀಟರಿಗೆ ಹೋಗುವುದಿಲ್ಲ, ದಿನದಿನಕ್ಕೆ ಎಣ್ಣೆ ತೆಳುವಾಗುತ್ತದೆ. ಹಾಗೆ ತೆಳುವಾದ ಎಣ್ಣೆಯ ಮೇಲೆ ಭಾನುವಾರ ಐದು ಜನ ಕೂತು ಚಾರ್ಮಾಡಿ ಹತ್ತಬೇಕು. ತಿರುವಿನಲ್ಲಿ ಲಾರಿಯ ಹಿಂದೆ ಸಿಕ್ಕಿ, ವೇಗ ಕಡಿಮೆ, ಭಾರ ಹೆಚ್ಚು, ಎಣ್ಣೆಯ ಪದರ ಅತಿ ತೆಳುವಾಗುವ ಗಳಿಗೆ ಅದು. ಅಲ್ಲಿ 2.6ಕ್ಕಿಂತ 2.9 ಇರುವುದು ನನಗೆ ಹೆಚ್ಚು ಧೈರ್ಯ. ಕೈಪಿಡಿಯೂ ಒಪ್ಪಿದೆ. 5ಡಬ್ಲ್ಯೂ-30 ಎಂದು ತೀರ್ಮಾನಿಸಿದೆವು. ಇದೇ ಕಾರು ದಿನವೂ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಓಡುತ್ತಿದ್ದರೆ 0ಡಬ್ಲ್ಯೂ-20 ಎನ್ನುತ್ತಿದ್ದೆ.

5ಡಬ್ಲ್ಯೂ-30 ಎಂದಷ್ಟೇ ಕೇಳಿದರೆ ಅಂಗಡಿಯವರು ಯಾವುದನ್ನಾದರೂ ಕೊಟ್ಟಾರು. ಗ್ರೇಡಿನ ಕೆಳಗಿನ ಸಣ್ಣ ಅಕ್ಷರಗಳ ಸಾಲನ್ನು ಓದಬೇಕು. ಭಾವನ ಕಾರಿಗೆ ತಂದದ್ದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಎಸ್‌ಪಿ ಗುರುತಿನದು, 2020ರ ಮೇನಲ್ಲಿ ಬಂದ ದರ್ಜೆ. ಅದೇ 5ಡಬ್ಲ್ಯೂ-30ರಲ್ಲಿ ಯುರೋಪಿನ ವಾಹನ ತಯಾರಕರ ಸಂಘ ಎಸಿಇಎಯ ಎ3/ಬಿ4 ಗುರುತಿದ್ದರೆ ಎಚ್‌ಟಿಎಚ್‌ಎಸ್ 3.5ಕ್ಕಿಂತ ಮೇಲಿರುತ್ತದೆ, ಹೆಸರು ಒಂದೇ, ಬಿಸಿಯಲ್ಲಿ ಗಟ್ಟಿತನ ಬೇರೆ. ಟರ್ಬೊ ಮತ್ತು ನೇರ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿಗೆ ಈ ಎಸ್‌ಪಿ ಇನ್ನೂ ಮುಖ್ಯ, ಕಡಿಮೆ ವೇಗದಲ್ಲಿ ಇಂಧನ ಅಕಾಲದಲ್ಲಿ ಹೊತ್ತಿ ಪಿಸ್ಟನ್ನನ್ನೇ ಒಡೆಯುವ ತೊಂದರೆಯನ್ನು ತಡೆಯಲು ಆ ದರ್ಜೆಯಲ್ಲಿ ಪರೀಕ್ಷೆಯಿದೆ. ಬಿಎಸ್6 ಡೀಸೆಲ್ ಇದ್ದವರು ಈ ಬರಹದ ತೀರ್ಮಾನವನ್ನು ದಯವಿಟ್ಟು ನಕಲು ಮಾಡಬಾರದು. ಹೊಗೆಯ ಫಿಲ್ಟರಿಗೆ ಬೂದಿ ಕಟ್ಟದಂತಹ ಎಣ್ಣೆಯೇ ಬೇಕು, ಅದರ ಗುರುತು ಅವರ ಕೈಪಿಡಿಯಲ್ಲೇ ಇರುತ್ತದೆ.

ಆಮೇಲೆ ಆದದ್ದು

ಸಂಕ್ರಾಂತಿಯ ಮರುದಿನ ಗ್ಯಾರೇಜಿನಲ್ಲಿ, ಇಂಜಿನ್ ಬಿಸಿಯಿರುವಾಗಲೇ ಡ್ರೈನ್ ಪ್ಲಗ್ ಬಿಚ್ಚಿ ಹಳೆಯದನ್ನು ಪೂರ್ತಿ ಸೋರಲು ಬಿಟ್ಟೆವು. ಮಿನರಲ್ ಎಣ್ಣೆಯಿಂದ ಸಿಂಥೆಟಿಕ್‌ಗೆ ಹೋಗುವಾಗ ಇಂಜಿನ್ ಫ್ಲಶ್ ಮಾಡಬೇಕೇ ಎಂದು ಯಜಮಾನರು ಕೇಳಿದರು. ಬೇಡ ಎಂದೆ. ದರ್ಜೆ ಪಡೆದ ಎಣ್ಣೆಗಳು ಒಂದರೊಡನೊಂದು ಬೆರೆಯಬೇಕೆಂಬುದೇ ನಿಯಮ. ಒಳಗೆ ಉಳಿಯುವ ಸ್ವಲ್ಪ ಹಳೆಯ ಎಣ್ಣೆಯಿಂದ ತೊಂದರೆಯಿಲ್ಲ. ಹೊಸ ಫಿಲ್ಟರ್, ಪ್ಲಗ್ಗಿಗೆ ಹೊಸ ವಾಷರ್, ಕೈಪಿಡಿ ಹೇಳಿದಂತೆ 3.1 ಲೀಟರ್. ಹಳೆಯದರಲ್ಲಿ ಒಂದು ಬಾಟಲಿ, ಡ್ರಮ್ಮಿನ ಹೊಸ ಎಣ್ಣೆಯಲ್ಲಿ ಉಳಿದಿದ್ದ ಒಂದಿಷ್ಟು, ಎರಡನ್ನೂ ಬೆಂಗಳೂರಿಗೆ ತಂದೆ.

ಮರುದಿನ ಬೆಳಿಗ್ಗೆ ಸದ್ದು ಎರಡು ಸೆಕೆಂಡಿಗೆ ಇಳಿದಿತ್ತು. ಮೂರನೆಯ ದಿನ ಭಾವ ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದು ಕೇಳಿಸಿದರು. ಒಂದು ಸಣ್ಣ ಟಕ್, ಮತ್ತೆ ನಿಶ್ಶಬ್ದ.

ಪ್ರಯೋಗಾಲಯದಲ್ಲಿ ಡ್ರಮ್ಮಿನ ಹೊಸ ಎಣ್ಣೆ 100 ಡಿಗ್ರಿಯಲ್ಲಿ 17.9 ಬಂತು. ನಿಜವಾದ 50ರ ಗ್ರೇಡ್. ಗ್ಯಾರೇಜಿನವರು ಕಲಬೆರಕೆ ಹಾಕಿರಲಿಲ್ಲ ಎಂಬುದು ಇದರಿಂದ ಖಚಿತವಾಯಿತು. ಅವರಿಗೆ ಮೊದಲು ಫೋನ್ ಮಾಡಿ ಹೇಳಿದ್ದು ಈ ಮಾತನ್ನೇ. ಅದೇ ಎಣ್ಣೆ ಕಾರಿನೊಳಗೆ 3,800 ಕಿಲೋಮೀಟರ್ ಓಡಿ 15.6ಕ್ಕೆ ಇಳಿದಿತ್ತು. ಅಂದರೆ 50 ಎಂದು ಹಾಕಿದ್ದು 40ರ ಗ್ರೇಡ್ ಆಗಿತ್ತು. ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ, ಹೊಸದರಲ್ಲಿ 230 ಡಿಗ್ರಿಯ ಮೇಲಿದ್ದದ್ದು 196ಕ್ಕೆ ಬಂದಿತ್ತು. ಪೆಟ್ರೋಲ್ ಬೆರೆತಿದೆ ಎಂಬ ನನ್ನ ಊಹೆಗೆ ಅದು ಸಾಕ್ಷಿ. ಎಣ್ಣೆ ಬದಲಿಸುವ ಹಿಂದಿನ ಐದು ವಾರ ಕಾರು ಬೆಂಗಳೂರಿಗೆ ಬಂದಿರಲಿಲ್ಲ ಎಂದು ನೋಟ್‌ಬುಕ್ ಹೇಳುತ್ತಿತ್ತು.

ಜೂನ್‌ನಲ್ಲಿ 5,000 ಕಿಲೋಮೀಟರ್ ತುಂಬಿದಾಗ ಡಿಪ್‌ಸ್ಟಿಕ್ಕಿನ ಕೊಳವೆಯಿಂದಲೇ ಸ್ವಲ್ಪ ಎಣ್ಣೆ ಎಳೆದು ತರಿಸಿಕೊಂಡೆ. ಹೊಸದರಲ್ಲಿ 10.4 ಇದ್ದದ್ದು 9.6, ಇನ್ನೂ 30ರ ಗ್ರೇಡಿನೊಳಗೇ ಇದೆ. ಅಷ್ಟು ದೂರಕ್ಕೆ ಮೇಲಿನಿಂದ ಸೇರಿಸಿದ್ದು 200 ಮಿಲಿಲೀಟರ್. ಎಪ್ಪತ್ತು ಸಾವಿರ ದಾಟಿದ ಇಂಜಿನ್ ತೆಳು ಎಣ್ಣೆ ಕುಡಿಯುತ್ತದೆ ಎಂಬ ಭಯ ಈ ಕಾರಿನ ಮಟ್ಟಿಗೆ ನಿಜವಾಗಲಿಲ್ಲ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿನಂತೆ ಖಾಲಿಯಾಗಿದ್ದರೆ ನಾನು ಗ್ರೇಡ್ ಏರಿಸುವ ಮುಂಚೆ ರಿಂಗ್ ಮತ್ತು ವಾಲ್ವ್ ಸೀಲುಗಳನ್ನು ನೋಡಿಸುತ್ತಿದ್ದೆ. ಪಿ0011 ಮತ್ತೆ ಬರಲಿಲ್ಲ.

ಮೈಲೇಜು 17.5ಕ್ಕೆ ಏರಿದೆ, ಹಳೆಯ 18.4ಕ್ಕೆ ಮರಳಿಲ್ಲ. ಭಾವನಿಗೆ ಇದೊಂದು ಕೊರತೆಯಾಗಿಯೇ ಉಳಿದಿದೆ. ಆದರೆ 2022ರ ಪೆಟ್ರೋಲೂ ಈಗಿನ ಪೆಟ್ರೋಲೂ ಒಂದೇ ಅಲ್ಲ. 20 ಪ್ರತಿಶತ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಫೆಬ್ರುವರಿ 2023ರಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಅದು ಕ್ರಮೇಣ ಎಲ್ಲ ಬಂಕುಗಳಿಗೂ ಬಂದಿದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಕಡಿಮೆ. ಬೆರಕೆ 10ರಿಂದ 20ಕ್ಕೆ ಏರಿದರೆ ಶೇಕಡಾ ಮೂರೂವರೆಯಷ್ಟು ಮೈಲೇಜು ಅಲ್ಲೇ ಹೋಗುತ್ತದೆ. 18.4ರಲ್ಲಿ ಅಷ್ಟು ಕಳೆದರೆ 17.8ರ ಹತ್ತಿರ ಬರುತ್ತದೆ. ಈ ಲೆಕ್ಕವನ್ನು ಭಾವ ತಮ್ಮ ಪುಸ್ತಕದ ಹಿಂಬದಿಯಲ್ಲಿ ತಾವೇ ಮಾಡಿ, ಎರಡು ಸಲ ತಾಳೆ ನೋಡಿ, ಅಡಿಗೆರೆ ಎಳೆದರು. ಮಿಕ್ಕ ಸ್ವಲ್ಪದಲ್ಲಿ ಒಂದು ಪಾಲು 20ಕ್ಕೂ 30ಕ್ಕೂ ಇರುವ ಎಣ್ಣೆಯ ವ್ಯತ್ಯಾಸದ್ದು ಇರಬಹುದು. ಅದನ್ನು ಘಾಟಿಯ ಧೈರ್ಯಕ್ಕೆ ಕೊಟ್ಟ ಬೆಲೆ ಎಂದು ಒಪ್ಪಿಕೊಂಡಿದ್ದೇವೆ.

ಗ್ಯಾರೇಜಿನ ಯಜಮಾನರು ಈಗ ಗೋಡೆಗೆ ಒಂದು ರಟ್ಟು ತೂಗುಹಾಕಿದ್ದಾರೆ. ಬರುವ ಕಾರುಗಳ ಕೈಪಿಡಿ ನೋಡಿ, ಮಾದರಿ ಮತ್ತು ಗ್ರೇಡನ್ನು ಅದರ ಮೇಲೆ ಮಾರ್ಕರಿನಲ್ಲಿ ಬರೆಯುತ್ತಾರೆ. ಜೂನ್‌ನಲ್ಲಿ ಹೋದಾಗ ಹದಿನಾಲ್ಕು ಸಾಲಾಗಿತ್ತು. ಡ್ರಮ್ಮು ಅಲ್ಲೇ ಇದೆ. ಎಸ್ಟೇಟುಗಳ ಹಳೆಯ ಜೀಪುಗಳಿಗೆ ಅದೇ ಎಣ್ಣೆ ಬೇಕು, ಅದನ್ನೇ ಹಾಕುತ್ತಾರೆ.

ಮೂರೂವರೆ ಲೀಟರಿನ ಡಬ್ಬಿಯಲ್ಲಿ ಉಳಿದ ಎಣ್ಣೆ ಕಾರಿನ ಡಿಕ್ಕಿಯಲ್ಲಿದೆ. ಮುಚ್ಚಳದ ಮೇಲೆ ಬಿಳಿ ಟೇಪು ಅಂಟಿಸಿ ಭಾವ ದಿನಾಂಕ, ಕಿಲೋಮೀಟರ್, ಗ್ರೇಡ್ ಬರೆದಿದ್ದಾರೆ. ಭಾನುವಾರ ಬೆಳಿಗ್ಗೆ ಇಂಜಿನ್ ಹತ್ತಿಸುವ ಮೊದಲು ಡಿಪ್‌ಸ್ಟಿಕ್ ಎಳೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಮತ್ತೆ ಇಳಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ.